ಮೊಂಡು ಕಣ್ಣಿನ ಕಾರ್ಡು

"ಕಾರ್ಡು ಇಲ್ಲ," ಎಂದ ಇನ್ಸ್‌ಪೆಕ್ಟರ್.

"ಇಲ್ಲ ಅಂದ್ರೆ? ಸರಿಯಾಗಿ ನೋಡಪ್ಪಾ. ಈಗ ನಿನಗೆ ಎರಡು ಕಣ್ಣೂ ಕಾಣುತ್ತಲ್ಲ," ಎಂದರು ಸಿಸ್ಟರಮ್ಮ.

ಇನ್ಸ್‌ಪೆಕ್ಟರ್ ಮೀಸೆಯಡಿಯಲ್ಲೇ ನಕ್ಕು ಮತ್ತೆ ಡ್ರಾಯರಿನ ಮೇಲೆ ಬಗ್ಗಿದ. ಆರನೇ ವಯಸ್ಸಿನಲ್ಲಿ ಅವನ ಬಲಗಣ್ಣಿಗೆ ಬಟ್ಟೆಪಟ್ಟಿ ಅಂಟಿಸಿ, ಸೋಮಾರಿ ಎಡಗಣ್ಣಿಗೆ ಕೆಲಸ ಕಲಿಸಿದವರು ಇದೇ ಸಿಸ್ಟರಮ್ಮ. ಕಣ್ಣಿನ ವಾರ್ಡಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದ ಹೆಂಗಸು. ಆ ಋಣಕ್ಕೇ ಅವನು ಅವರನ್ನು ಇಲ್ಲಿಗೆ ಕರೆತಂದದ್ದು. ಕಾನೂನಿನ ಪ್ರಕಾರ ಅವರು ಈ ಹೊಸ್ತಿಲು ತುಳಿಯುವಂತೆಯೇ ಇರಲಿಲ್ಲ.

ಸೋಮವಾರ ಮಟಮಟ ಮಧ್ಯಾಹ್ನ ನಿಘಂಟು ಕಚೇರಿಯ ಸಂಪಾದಕ ದೊಡ್ಡ ಮೇಷ್ಟ್ರು ಈ ಮಹಡಿಯ ಕಬ್ಬಿಣದ ಸುರುಳಿ ಮೆಟ್ಟಿಲಿಂದ ಉರುಳಿ ಸತ್ತಿದ್ದರು. ಅವರ ಮೇಜಿನ ಮೇಲಿನ ಕಾಗದದಲ್ಲಿ ಶನಿವಾರದ ತಾರೀಖಿನ ಕೆಳಗೆ ಒಂದೇ ಒಂದು ಪದವಿತ್ತು: ಆಂಬ್ಲಿಯೋಪಿಯಾ. ಈಗ ನೋಡಿದರೆ ಆ ಪದದ ಕಾರ್ಡೇ ಮಾಯ.

ಮಹಡಿಯ ನಾಲ್ಕೂ ಗೋಡೆಗೆ ಮರದ ಸಣ್ಣ ಸಣ್ಣ ಡ್ರಾಯರುಗಳು. ಒಂದೊಂದಕ್ಕೂ ಹಿತ್ತಾಳೆಯ ಉಂಗುರ, ಉಂಗುರದ ಮೇಲೆ ಅಕ್ಷರ. ನಲವತ್ತು ವರ್ಷದಿಂದ ಇಂಗ್ಲಿಷಿನ ಒಂದೊಂದೇ ಪದವನ್ನು ಹಿಡಿದು, ಅದರ ಅರ್ಥವೇನು, ಅದು ಎಲ್ಲಿಂದ ಬಂತು ಎಂದು ಒಂದೊಂದು ಕಾರ್ಡಿಗೆ ಇಳಿಸುತ್ತ ಬಂದ ಕಚೇರಿ ಇದು. ಈಗ ಎಸ್ ಅಕ್ಷರಕ್ಕೆ ಬಂದು ನಿಂತಿದ್ದಾರೆ. ಹಾಗಿರುವಾಗ ಎಂದೋ ಮುಗಿದ ಎ ಅಕ್ಷರದ ಪದವೊಂದು ಮುದುಕರಿಗೆ ಯಾಕೆ ಬೇಕಾಯಿತು?

"ಕಾರ್ಡಿನ ಜಾಗದಲ್ಲಿ ಏನೋ ಹಳದಿ ಚೀಟಿ ಇದೆ," ಎಂದ ಇನ್ಸ್‌ಪೆಕ್ಟರ್. "'ಕಾರ್ಡು ತೆಗೆಯಲಾಗಿದೆ. ಶನಿವಾರ.' ಕೆಳಗೆ 'ದೊ. ಮೇ.' ಅಂತ ಸಹಿ. ಅಂದ್ರೆ ಮೇಷ್ಟ್ರೇ ತೆಗೆದಿದ್ದಾರೆ. ಮುಗೀತಲ್ಲ ಸಿಸ್ಟರ್."

"ಏನು ಮುಗೀತು? ಇಲ್ಲಿ ತಾ."

ಸಿಸ್ಟರಮ್ಮ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊಣಕೈ ಎತ್ತಿದಾಗ ರವಿಕೆಯ ತೋಳಿನ ಗುಂಡಿ ಕಳಚಿ ನೆಲಕ್ಕೆ ಬಿತ್ತು.

"ನೋಡು, ಮೂರು ತಿಂಗಳಿಂದ ಪ್ರತಿ ಶನಿವಾರ ಮಗೂನ ನನ್ನ ಕೊರಳಿಗೆ ಕಟ್ಟಿ ಹೊಲಿಗೆ ಕ್ಲಾಸಿಗೆ ಹೋಗ್ತಾಳೆ ನನ್ನ ಮಗಳು. ಒಂದು ಗುಂಡಿ ನೆಟ್ಟಗೆ ಹಾಕೋಕೆ ಬರಲ್ಲ," ಎನ್ನುತ್ತ ಗುಂಡಿಯನ್ನು ಹೆಕ್ಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮಗಳ ಮಾತು ಬಂದದ್ದೇ ಇಬ್ಬರೂ ಗೋಡೆಯ ಗಡಿಯಾರ ನೋಡಿದರು. ಎರಡೂವರೆ.

ನಾಲ್ಕು ಗಂಟೆಗೆ ಸಿಸ್ಟರಮ್ಮನ ಅಳಿಯನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅವನು ಕಣ್ಣಾಸ್ಪತ್ರೆಯ ಕಾಂಪೌಂಡರ್. ಮೇಷ್ಟ್ರ ಬಲಗಣ್ಣಿನ ಒತ್ತಡ ಇಳಿಸಲು ಬರೆದುಕೊಟ್ಟ ಹನಿಔಷಧಿಯ ಸೀಸೆಯಲ್ಲಿ, ಪಾಪೆ ಅರಳಿಸುವ ಔಷಧಿ ತುಂಬಿತ್ತು. ಒತ್ತಡದ ಕಣ್ಣಿಗೆ ಅದನ್ನು ಹಾಕುವುದೆಂದರೆ ಉರಿಯುವ ಒಲೆಗೆ ಎಣ್ಣೆ ಸುರಿದ ಹಾಗೆ. ಸೀಸೆ ಕೊಟ್ಟದ್ದು ಹಿಂದಿನ ಗುರುವಾರ. ಶುಕ್ರವಾರದಿಂದ ಮೇಷ್ಟ್ರ ಕಣ್ಣು ಮಂಜು, ಸೋಮವಾರ ಹೆಣ.

ಅಳಿಯ ಎರಡು ದಿನ "ನಾನಲ್ಲ, ನಾನು ತುಂಬಿದ್ದು ಸರಿಯಾದ ಔಷಧಿನೇ" ಎಂದು ಗೋಗರೆದ. ನಿನ್ನೆ ಮಧ್ಯಾಹ್ನ ಹೆಂಡತಿ ಊಟ ಕೊಟ್ಟು ಬಂದದ್ದೇ ತಡ, ಮಾತು ತಿರುಗಿಸಿಬಿಟ್ಟ. "ನಾನೇ ತಪ್ಪು ಸೀಸೆಗೆ ಕೈ ಹಾಕಿರಬೇಕು, ಸಹಿ ಹಾಕ್ತೀನಿ" ಎಂದು ಹಟ ಹಿಡಿದಿದ್ದಾನೆ. ನಾಲ್ಕು ಗಂಟೆಗೆ ಸಹಿ ಬಿದ್ದರೆ ಅವನ ಕೆಲಸ ಹೋಯಿತು, ಮಾನ ಹೋಯಿತು, ಎಷ್ಟು ವರ್ಷ ಒಳಗೋ ದೇವರಿಗೇ ಗೊತ್ತು. ಮಗಳು ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕಲ್ಲಿನಂತೆ ಕೂತಿದ್ದಳು. 

"ಮೇಷ್ಟ್ರು ಬರೆದ ಆ ಕಾಗದ ಕೊಡು," ಎಂದರು.

ಇನ್ಸ್‌ಪೆಕ್ಟರ್ ಚೀಲದಿಂದ ತೆಗೆದುಕೊಟ್ಟ. ಅದರಲ್ಲಿ ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದಪ್ಪ. ಮೊದಲ ಅಕ್ಷರ ಗೆರೆಯ ಮೇಲೆ, ಕೊನೆಯದು ಎರಡು ಗೆರೆ ಕೆಳಗೆ. ಪಕ್ಕದಲ್ಲಿ ಹಳದಿ ಚೀಟಿ ಇಟ್ಟರು. ಅದರ ಅಕ್ಷರಗಳು ಸಾಸಿವೆ ಕಾಳಿನಂತೆ ಚಿಕ್ಕವು, ಗೆರೆ ಬಿಟ್ಟು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

"ಎರಡೂ ಒಂದೇ ದಿನ ಬರೆದದ್ದು. ಇಷ್ಟು ದಪ್ಪ ಬರೆದ ಕೈ ಅಷ್ಟು ಸಣ್ಣಗೆ ಬರೆಯೋಕಾಗುತ್ತಾ?"

ಇನ್ಸ್‌ಪೆಕ್ಟರ್ ಬಗ್ಗಿ ಎರಡನ್ನೂ ಹತ್ತಿರದಿಂದ ನೋಡಿದ.

"ಮೇಷ್ಟ್ರ ಹೆಸರಲ್ಲಿ ಬೇರೆ ಯಾರೋ ಚೀಟಿ ಇಟ್ಟಿದ್ದಾರೆ. ಇನ್ನೊಂದು ಮಾತು ಕೇಳು. ಹೊರಗಿನವನು ಕಾರ್ಡು ಕದ್ದರೆ ಜೇಬಿಗೆ ಹಾಕ್ಕೊಂಡು ಹೋಗ್ತಾನೆ. ಅದರ ಜಾಗದಲ್ಲಿ ತಾರೀಖು ಬರೆದು ಚೀಟಿ ಯಾವ ಕಳ್ಳ ಇಡ್ತಾನೆ? ಕೈಗೆ ಅಭ್ಯಾಸ ಆದವರು ಮಾತ್ರ. ಇದು ಈ ಮನೆ ಒಳಗಿನವರ ಕೆಲಸ. ನನ್ನ ಅಳಿಯನಿಗೆ ಈ ಚೀಟಿ ಪದ್ಧತಿ ಇದೆ ಅಂತಲೇ ಗೊತ್ತಿಲ್ಲ."

"ಚೀಟಿ ಇಟ್ಟವರೇ ಔಷಧಿ ಬದಲಾಯಿಸಿದ್ರು ಅಂತ ಹೇಗೆ ಹೇಳ್ತೀರಿ?"

"ಅದಕ್ಕೇ ಆ ಕಾರ್ಡಲ್ಲಿ ಏನಿತ್ತು ಅಂತ ಗೊತ್ತಾಗಬೇಕು."

ಅವರನ್ನು ಮೊದಲಿಂದಲೂ ಕೊರೆಯುತ್ತಿದ್ದ ಸಂಗತಿ ಇನ್ನೊಂದಿತ್ತು. ಸೀಸೆಯ ಚೀಟಿಯನ್ನು ಇನ್ಸ್‌ಪೆಕ್ಟರ್ ನಿನ್ನೆಯೇ ತೋರಿಸಿದ್ದ: 'ಬಲಗಣ್ಣಿಗೆ ಮಾತ್ರ. ದಿನಕ್ಕೆ ಎರಡು ಸಲ.' ತಾರೀಖಿನ ಕೆಳಗೆ ಎರಡು ಗೆರೆ. ಆ ಎರಡು ಗೆರೆ ಮಗಳದ್ದು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಗಂಡ ಸೀಸೆ ತುಂಬಿದರೆ ಹೆಂಡತಿ ಚೀಟಿ ಬರೆಯುತ್ತಾಳೆ. ಹಳೆಯ ಸೀಸೆ ಯಾವುದು, ಹೊಸದು ಯಾವುದು ಎಂದು ಯಾರೂ ಎಡವಬಾರದೆಂದು ತಾರೀಖಿಗೆ ಎರಡು ಗೆರೆ ಎಳೆಯುವುದನ್ನು ಅವಳಿಗೆ ಹೇಳಿಕೊಟ್ಟವರು ಸಿಸ್ಟರಮ್ಮನೇ. ಅಳಿಯನಿಗೆ ಎಷ್ಟು ಹೇಳಿದರೂ ಅದು ತಲೆಗೆ ಹತ್ತಲಿಲ್ಲ.

ಹೋಗಲಿ, ಔಷಧಿ ಬಿದ್ದದ್ದು ಬಲಗಣ್ಣಿಗೆ ಮಾತ್ರ ತಾನೇ? ಎಡಗಣ್ಣು ನೆಟ್ಟಗಿತ್ತಲ್ಲ? ಒಂದು ಕಣ್ಣು ಮಂಜಾದ ಮಾತ್ರಕ್ಕೆ, ನಲವತ್ತು ವರ್ಷ ಹತ್ತಿ ಇಳಿದ ಮೆಟ್ಟಿಲಲ್ಲಿ, ಹಾಡುಹಗಲಲ್ಲಿ ಮನುಷ್ಯ ಯಾಕೆ ಬೀಳಬೇಕು?

*

ಟೈಪಮ್ಮ ಕೆಳಗಿನ ಕೋಣೆಯಲ್ಲಿ ಟೈಪ್ ಯಂತ್ರಕ್ಕೆ ಬಟ್ಟೆ ಹೊದಿಸಿ ಸುಮ್ಮನೆ ಕೂತಿದ್ದರು. ಕಚೇರಿ ಹುಟ್ಟಿದಾಗಿನಿಂದ ಇರುವ ಹೆಂಗಸು. ಅತ್ತು ಅತ್ತು ಮೂಗು ಕೆಂಪಾಗಿತ್ತು, ಆದರೂ ಬಾಯಿ ಮಾತ್ರ ಸುಮ್ಮನಿರುವ ಜಾಯಮಾನದ್ದಲ್ಲ.

"ಶನಿವಾರ ಇಲ್ಲಿಗೆ ಯಾರ್ಯಾರು ಬಂದಿದ್ರು?" ಇನ್ಸ್‌ಪೆಕ್ಟರ್ ಕೇಳಿದ.

"ನನಗೇನು ಗೊತ್ತು ಸ್ವಾಮಿ, ಶನಿವಾರ ನನಗೆ ರಜ. ಮೇಷ್ಟ್ರು ಇರ್ತಾರೆ, ಉಪ ಇರ್ತಾನೆ. ಅವನಿಗೇನು, ಮನೆಯಾ ಮಕ್ಕಳಾ. ಇಲ್ಲೇ ಬೇರು ಬಿಟ್ಟಿದ್ದಾನೆ."

ಉಪ ಎಂದರೆ ಉಪಸಂಪಾದಕ. ಹನ್ನೆರಡು ವರ್ಷದಿಂದ ಎಸ್ ಅಕ್ಷರವನ್ನು ತಲೆಯ ಮೇಲೆ ಹೊತ್ತವನು.

"ಮೇಷ್ಟ್ರಿಗೂ ಅವನಿಗೂ ಸರಿ ಇತ್ತಾ?" ಎಂದರು ಸಿಸ್ಟರಮ್ಮ.

ಟೈಪಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹೋದ ತಿಂಗಳು ಅವನ ಕಾರ್ಡುಗಳಲ್ಲಿ ಮುನ್ನೂರು ಕಾರ್ಡು ಮೇಷ್ಟ್ರು ವಾಪಸ್ ಮಾಡಿದ್ರು, ಮೂಲ ಸರಿಯಾಗಿ ಹುಡುಕಿಲ್ಲ ಅಂತ. ಅವನು ತುಟಿ ಬಿಚ್ಚಲಿಲ್ಲ. ಮಾತಾಡೋರನ್ನಾದ್ರೂ ನಂಬಬಹುದು ಕಣ್ರೀ, ಇಂಥ ಮೌನಿಗಳನ್ನ ನಂಬೋಕಾಗಲ್ಲ. ಈಗ ಮೇಷ್ಟ್ರ ಕುರ್ಚಿ ಯಾರಿಗೆ? ಅವನಿಗೇ."

ಸಿಸ್ಟರಮ್ಮ ಇನ್ಸ್‌ಪೆಕ್ಟರನ ಮುಖ ನೋಡಿದರು. ಅವನು ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡ.

"ಮೇಷ್ಟ್ರ ಕಣ್ಣಿನ ವಿಷಯ ಏನಾದ್ರೂ ಗೊತ್ತಾ ನಿಮಗೆ?" ಎಂದು ಕೇಳಿದರು ಸಿಸ್ಟರಮ್ಮ.

"ಶುಕ್ರವಾರ ಮಂಜು ಮಂಜು ಅಂತಿದ್ರು. ನಾನು ಡಾಕ್ಟರ ಹತ್ರ ಹೋಗಿ ಅಂದೆ. ಎಸ್ ಮುಗಿಸಿ ಹೋಗ್ತೀನಿ ಅಂದ್ರು. ಅಷ್ಟೇ. ಅದಕ್ಕೆ ಮುಂಚೆ ಹದ್ದಿನ ಕಣ್ಣು ಅವರದ್ದು, ನನ್ನ ಒಂದು ಅಕ್ಷರ ತಪ್ಪಿದ್ರೂ ಬಿಡ್ತಿರಲಿಲ್ಲ."

"ಆಂಬ್ಲಿಯೋಪಿಯಾ ಅನ್ನೋ ಕಾರ್ಡು ಮೇಲೆ ಸಿಗ್ತಿಲ್ಲ," ಎಂದ ಇನ್ಸ್‌ಪೆಕ್ಟರ್.

"ಬಿಳಿದು ಸಿಗದಿದ್ರೆ ಗುಲಾಬಿದು ನೋಡಿ."

"ಗುಲಾಬಿದಾ?"

ಟೈಪಮ್ಮ ಮೇಜಿನ ಕೆಳಗೆ ಕಾಲಿಂದ ಏನನ್ನೋ ತಳ್ಳಿದರು. ತಗಡಿನ ಹಳೆಯ ಪೆಟ್ಟಿಗೆ. ಮುಚ್ಚಳದ ಮೇಲೆ ಅವರ ಎರಡು ಹಿಮ್ಮಡಿಗಳ ಗುರುತು ನುಣ್ಣಗೆ ಮೂಡಿತ್ತು.

"ಮೊದಲ ಎಂಟು ವರ್ಷ ಪ್ರತಿ ಕಾರ್ಡಿಗೂ ಕಾರ್ಬನ್ ಇಟ್ಟು ಗುಲಾಬಿ ಪ್ರತಿ ತೆಗೀತಿದ್ದೆ. ಆಮೇಲೆ ಇಡೋಕೆ ಜಾಗ ಸಾಲದೆ ನಿಂತೋಯ್ತು. ಉಪನಿಗೆ ಇದು ಗೊತ್ತೂ ಇಲ್ಲ, ಅವನು ಆಮೇಲೆ ಬಂದವನು. ನನಗೆ ಕಾಲು ಇಟ್ಕೊಳ್ಳೋಕೆ ಅನುಕೂಲ ಅಂತ ಇಟ್ಕೊಂಡೆ."

ಪೆಟ್ಟಿಗೆಯ ಧೂಳಿಗೆ ಇನ್ಸ್‌ಪೆಕ್ಟರ್ ಮೂರು ಸಲ ಸೀನಿದ. ಟೈಪಮ್ಮನ ಬೆರಳು ಮಾತ್ರ ನೇರ ಜಾಗಕ್ಕೇ ಹೋಯಿತು. ಅವರು ಕಾರ್ಡು ಎಳೆದು ಬೆಳಕಿಗೆ ಹಿಡಿದು, ಪಾಠ ಓದುವ ದನಿಯಲ್ಲಿ ಓದಿದರು:

"ಆಂಬ್ಲಿಯೋಪಿಯಾ. ನಾಮಪದ. ಅರ್ಥ: ಕಣ್ಣಿನಲ್ಲಿ ಹೊರಗೆ ಕಾಣುವ ಯಾವ ದೋಷವೂ ಇಲ್ಲದೆ ನೋಟ ಮಂಜಾಗಿರುವುದು. ಸಾಮಾನ್ಯವಾಗಿ ಎಳವೆಯಲ್ಲೇ, ಒಂದೇ ಕಣ್ಣಿಗೆ ಬರುವಂಥದು. ಬೆಳೆದ ಮೇಲೆ ಕನ್ನಡಕದಿಂದಲೂ ನೀಗದು. ಮೂಲ: ಗ್ರೀಕ್. ಆಂಬ್ಲುಸ್ ಎಂದರೆ ಮೊಂಡು, ಹರಿತವಿಲ್ಲದ್ದು. ಓಪ್ಸ್ ಎಂದರೆ ಕಣ್ಣು. ಮಸೆಯದೆ ಬಿಟ್ಟ ಕತ್ತಿಗೆ ಹೇಳುವ ಮಾತನ್ನೇ ಆ ಜನ ಕಣ್ಣಿಗೂ ಹೇಳಿದರು."

"ಮೊಂಡು ಕಣ್ಣು," ಎಂದ ಇನ್ಸ್‌ಪೆಕ್ಟರ್, ತನಗೆ ತಾನೇ ಹೇಳಿಕೊಳ್ಳುವಂತೆ. "ನೀವು ಸೋಮಾರಿ ಕಣ್ಣು ಅಂತಿದ್ರಿ ಸಿಸ್ಟರ್. ಶಾಲೇಲಿ ಎಲ್ಲರೂ ನನ್ನನ್ನ ಸೋಮಾರಿ ಅಂತ ಕರೀತಿದ್ರು. ಮೊಂಡು ಅಂದಿದ್ರೆ ಅಷ್ಟು ಬೇಜಾರಾಗ್ತಿರಲಿಲ್ಲ. ಮೊಂಡಾದದ್ದನ್ನ ಮಸೀಬಹುದಲ್ವಾ?"

ಸಿಸ್ಟರಮ್ಮ ಸಾವಿರ ಮಕ್ಕಳ ಕಣ್ಣಿಗೆ ಪಟ್ಟಿ ಅಂಟಿಸಿದ್ದರು, ಆ ಹೆಸರಿನ ಹೊಟ್ಟೆಯೊಳಗೆ ಏನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ತಪ್ಪಾಯಿತು ಎನ್ನಬೇಕೆನಿಸಿತು, ಅನ್ನಲಿಲ್ಲ.

"ಇನ್ನೂ ಇದೆ," ಎಂದರು ಟೈಪಮ್ಮ. "ಪ್ರತಿ ಕಾರ್ಡಿಗೂ ಒಂದು ಪ್ರಯೋಗವಾಕ್ಯ ಬರೀಬೇಕು. ಪುಸ್ತಕದಿಂದ ಎತ್ತಿದ ವಾಕ್ಯ ಮೇಷ್ಟ್ರಿಗೆ ಆಗಿಬರ್ತಿರಲಿಲ್ಲ. ಕಂಡದ್ದು, ಬದುಕಿದ್ದು ಬರೀಬೇಕು, ಸುಳ್ಳು ವಾಕ್ಯ ಬರೆದ್ರೆ ಪದ ಸಾಯುತ್ತೆ ಅನ್ನೋರು. ಇದರ ವಾಕ್ಯ..."

ಅಲ್ಲಿಗೆ ಅವರ ದನಿ ನಿಂತುಬಿಟ್ಟಿತು. ಸಿಸ್ಟರಮ್ಮ ಕಾರ್ಡು ಇಸಿದುಕೊಂಡು ತಾವೇ ಓದಿದರು.

'ನನ್ನ ಎಡಗಣ್ಣು ಹುಟ್ಟಿನಿಂದ ಮೊಂಡು. ಬಲಗಣ್ಣೊಂದೇ ನನಗಿರುವುದು. ಇದು ಮನೆಯವರಿಗೂ ತಿಳಿಯದು.'

"ನಾನೇ ಟೈಪ್ ಮಾಡಿದ್ದು," ಎಂದರು ಟೈಪಮ್ಮ. "ಮೂವತ್ತೆಂಟು ವರ್ಷ ಆಯ್ತು. ಯಾರದ್ದೋ ಮಾತು ಅಂದ್ಕೊಂಡಿದ್ದೆ. ಅಕ್ಷರ ನೋಡಿ ಬಡೀತೀವಿ ಅಷ್ಟೇ, ಅರ್ಥ ತಲೆಗೆ ಇಳಿಯಲ್ಲ." ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಸಿಸ್ಟರಮ್ಮನ ತಲೆಯಲ್ಲಿ ಮಾತ್ರ ಗಂಟು ಬಿಚ್ಚಿಕೊಂಡಿತ್ತು. ಇದ್ದ ಒಂದೇ ಕಣ್ಣಿಗೆ ಯಾರೋ ಮಂಜು ಕವಿಸಿದ್ದರು. ಪಾಪೆ ಅರಳಿದ ಕಣ್ಣಿಗೆ ಮಧ್ಯಾಹ್ನದ ಬಿಸಿಲು ಸೂಜಿಯಂತೆ ಚುಚ್ಚಿರಬೇಕು. ಉಳಿದದ್ದು ಮೊಂಡು ಕಣ್ಣು, ಅದಕ್ಕೆ ಮೆಟ್ಟಿಲು ಯಾವುದು, ನೆರಳು ಯಾವುದು? ಮೇಷ್ಟ್ರು ಕುರುಡರಾಗಿ ಇಳಿದಿದ್ದರು. ಹೆಣ ಕೊಯ್ದ ಡಾಕ್ಟರಿಗೂ ಅದು ಸಿಕ್ಕದ್ದರಲ್ಲಿ ಆಶ್ಚರ್ಯವಿಲ್ಲ. ಬದುಕಿದ್ದಾಗಲೇ ಹೊರಗೆ ಕಾಣದ ಮೊಂಡು ಸತ್ತ ಮೇಲೆ ಕಂಡೀತೆ?

"ಎಡಗಣ್ಣು ಕಾಣಲ್ಲ ಅಂತ ಗೊತ್ತಿದ್ದವರೇ ಬಲಗಣ್ಣಿನ ಸೀಸೆ ಬದಲಾಯಿಸಿದ್ದು," ಎಂದರು. "ಮನೆಯವರಿಗೂ ಗೊತ್ತಿಲ್ಲದ್ದು, ಆಸ್ಪತ್ರೆ ಚೀಟೀಲೂ ಬರೆದಿಲ್ಲದ್ದು ಇನ್ಯಾರಿಗೆ ಗೊತ್ತಿರುತ್ತೆ? ಈ ಕಾರ್ಡು ಓದಿದವರಿಗೆ. ಇದನ್ನ ಯಾರು ಓದಿದ್ದಾರೆ ಟೈಪಮ್ಮ?"

"ಓದಿದವರ ಸಹಿ ಬಿಳಿ ಕಾರ್ಡಿನ ಹಿಂಭಾಗದಲ್ಲಿ ಇರುತ್ತೆ. ಪರಿಶೀಲನೆ ಮಾಡಿದವರು ಸಹಿ ಹಾಕಿ ತಾರೀಖು ಬರೀಲೇಬೇಕು. ಗುಲಾಬಿದರಲ್ಲಿ ಹಿಂಭಾಗ ಖಾಲಿ."

"ಅದಕ್ಕೇ ಬಿಳಿದು ಮಾಯ ಆಗಿದೆ. ಕೇಳಿಸ್ತಾ ಇನ್ಸ್‌ಪೆಕ್ಟರೇ? ಆ ಬಿಳಿ ಕಾರ್ಡಿನ ಬೆನ್ನ ಮೇಲೆ ಯಾರ ಸಹಿ ಇದೆಯೋ ಅವರೇ ಕೊಲೆಗಾರರು. ನನ್ನ ಮೊಮ್ಮಗನ ಆಣೆಗೂ ಹೇಳ್ತೀನಿ."

"ಆಣೆ ಎಲ್ಲ ಯಾಕೆ ಸಿಸ್ಟರ್?"

"ನಿನಗೆ ನಂಬಿಕೆ ಬರಲಿ ಅಂತ. ನೀನು ಠಾಣೆಗೆ ಫೋನ್ ಮಾಡಿ ನನ್ನ ಅಳಿಯನನ್ನ ಕರ್ಕೊಂಡು ಹೋಗೋದು ನಿಲ್ಲಿಸು. ನಾನು ಉಪನ ಹತ್ರ ಮಾತಾಡ್ತೀನಿ. ನೀನು ಎದುರಿದ್ರೆ ಅವನು ಬಾಯಿ ಬಿಡಲ್ಲ."

"ಹತ್ತು ನಿಮಿಷ. ಆಮೇಲೆ ನಾನು ಮೇಲೆ ಬರ್ತೀನಿ," ಎಂದು ಅವನು ಫೋನಿನ ಕಡೆ ನಡೆದ.

*

ಉಪ ಮಹಡಿಯ ಮೂಲೆಯ ಮೇಜಿಗೆ ಬಂದು ಕೂತಿದ್ದ. ಐವತ್ತರ ಸಣಕಲು ಮನುಷ್ಯ. ಅಂಗಿಯ ಕೈ ಶಾಯಿಯಿಂದ ನೀಲಿ, ಮುಖ ನಿದ್ದೆಗೆಟ್ಟು ಬೂದಿ. ಮುಂದೆ ವಾಪಸ್ ಬಂದ ಕಾರ್ಡುಗಳ ಕಟ್ಟು. ಯಜಮಾನ ಸತ್ತ ಮೂರನೇ ದಿನವೂ ಎಸ್ ಅಕ್ಷರ ತಿದ್ದುತ್ತಿದ್ದವನನ್ನು ಕಂಡು ಸಿಸ್ಟರಮ್ಮನಿಗೆ ಮೈ ಉರಿಯಿತು.

"ಕೂತ್ಕೊಳ್ಳಿ," ಎಂದ.

ಅವರು ಕೂರಲಿಲ್ಲ. ನೇರ ಎಸ್ ಡ್ರಾಯರಿಗೆ ಹೋಗಿ, ಉಂಗುರ ಹಿಡಿದು ಎಳೆದು, ಕೈಗೆ ಸಿಕ್ಕಿದ ಒಂದು ಕಾರ್ಡನ್ನು ಹಿರಿದು, ಡ್ರಾಯರ್ ದಡ್ಡನೆ ಮುಚ್ಚಿದರು. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟರು. ಅಷ್ಟೇ ಸಾಕಾಯಿತು.

ಉಪ ಆಗಲೇ ಎದ್ದಿದ್ದ. ಬೇಡ ಎನ್ನಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಅವನ ಕೈ ತಾನೇ ತಾನಾಗಿ ಹಳದಿ ಚೀಟಿಯ ಕಟ್ಟಿಗೆ ಹೋಗಿ ಒಂದನ್ನು ಹರಿಯಿತು. ನಿಂತಲ್ಲೇ ಬರೆದು, ಡ್ರಾಯರ್ ತೆರೆದು, ಖಾಲಿಯಾದ ಜಾಗಕ್ಕೆ ಸರಿಯಾಗಿ ಸಿಕ್ಕಿಸಿ, ಮೆತ್ತಗೆ ಮುಚ್ಚಿದ.

ಸಿಸ್ಟರಮ್ಮ ತಿರುಗಿ ಬಂದು ಆ ಚೀಟಿಯನ್ನು ಹೊರಗೆಳೆದರು. ಸಾಸಿವೆ ಕಾಳಿನಂಥ ಅಕ್ಷರ. 'ಕಾರ್ಡು ತೆಗೆಯಲಾಗಿದೆ. ಗುರುವಾರ. ಸಿ.'

"ಸಿ ಅಂದ್ರೆ ಸಿಸ್ಟರ್. ಅಂದ್ರೆ ನಾನು. ನಾನೆಲ್ಲಿ ಬರೆದೆ?"

"ನೀವು ಬರೀಲಿಲ್ಲ. ನಾನು ಬರೆದೆ."

"ಬೇರೆಯವರ ಸಹಿ ಹಾಕೋದು ಚೆನ್ನಾಗಿ ರೂಢಿಯಾಗಿದೆ ನಿನಗೆ." ಅವರು ಶನಿವಾರದ ಚೀಟಿಯನ್ನು ಪಕ್ಕದಲ್ಲಿಟ್ಟರು. "ಇದೂ ನಿನ್ನ ಅಕ್ಷರವೇ. ಇಲ್ಲ ಅನ್ನು ನೋಡೋಣ."

"ಯಾಕೆ ಇಲ್ಲ ಅನ್ಲಿ? ನನ್ನದೇ."

ಸಿಸ್ಟರಮ್ಮ ಇಷ್ಟು ಬೇಗ ಸಿಕ್ಕಿಬೀಳುತ್ತಾನೆ ಎಂದುಕೊಂಡಿರಲಿಲ್ಲ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಅಳಿಯ ಮನೆಗೆ ಬರುತ್ತಾನೆ, ಮಗು ಅವನ ಭುಜ ಹತ್ತುತ್ತದೆ, ಮಗಳು ಎರಡು ತುತ್ತು ಉಣ್ಣುತ್ತಾಳೆ.

"ಮೇಷ್ಟ್ರ ಕಣ್ಣಿನ ಗುಟ್ಟು ನಿನಗೆ ಗೊತ್ತಿತ್ತು," ಎಂದರು. "ಮುನ್ನೂರು ಕಾರ್ಡು ಮುಖದ ಮೇಲೆ ಎಸೆದ್ರು ಅಂತ ಸೇಡು ಇತ್ತು. ಕಾರ್ಡಿನ ಹಿಂದೆ ನಿನ್ನ ಸಹಿ ಇತ್ತು, ಅದಕ್ಕೆ ಅದನ್ನ ಎತ್ತಿಬಿಟ್ಟೆ. ಆದ್ರೆ ಹಾಳು ಅಭ್ಯಾಸ, ಚೀಟಿ ಇಡದೆ ಇರೋಕಾಗಲಿಲ್ಲ. ಮೇಷ್ಟ್ರ ಹೆಸರು ಬರೆದೆ. ಹೌದೋ ಅಲ್ವೋ?"

ಉಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. 

"ನೀವು ಕಾರ್ಡು ತೆಗೆದ್ರಿ, ಅದಕ್ಕೆ ಚೀಟಿ ಮೇಲೆ ನಿಮ್ಮ ಹೆಸರು ಹಾಕಿದೆ. ಇಲ್ಲಿ ಪದ್ಧತಿ ಅದೇ ಅಮ್ಮಾ. ಬರೆಯೋ ಕೈ ಯಾರದಾದ್ರೂ ಆಗಲಿ, ಕಾರ್ಡು ಬೇಕು ಅಂದವರ ಹೆಸರು ಬರೀಬೇಕು. ಶನಿವಾರ ಕಾರ್ಡು ಬೇಕು ಅಂದದ್ದು ಮೇಷ್ಟ್ರು. ಕಣ್ಣು ಮಂಜಾಗಿತ್ತು, ನೀನೇ ತೆಗೆದು ಓದಿ ಹೇಳು ಅಂದ್ರು. ತೆಗೆದೆ, ಅವರ ಹೆಸರು ಬರೆದೆ, ಓದಿ ಹೇಳಿದೆ."

ಸಿಸ್ಟರಮ್ಮನ ಕೈಯಲ್ಲಿ ಎರಡೂ ಚೀಟಿಗಳಿದ್ದವು. ಒಂದರಲ್ಲಿ ಅವರದೇ ಹೆಸರಿತ್ತು, ಎರಡು ನಿಮಿಷದ ಹಿಂದೆ ತಾವೇ ಕಣ್ಣಾರೆ ನೋಡುತ್ತ ಬರೆಸಿಕೊಂಡದ್ದು. ಅವನಿಗೆಂದು ಒಡ್ಡಿದ ಬಲೆ ತಮ್ಮ ಕಾಲಿಗೇ ತೊಡರಿತ್ತು.

"ಓದಿ ಹೇಳಿದ್ರೆ ಕಾರ್ಡು ಎಲ್ಲಿ?" ಎಂದರು. ದನಿಯಲ್ಲಿ ಮೊದಲಿನ ಏರು ಇರಲಿಲ್ಲ.

"ನನ್ನ ಹತ್ರ ಇದೆ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅವರು ಸೀಸೆ ಬಗ್ಗೆ ಕೇಳಿದ್ರು. ಕಾರ್ಡಿನ ಬಗ್ಗೆ ಯಾರೂ ಕೇಳಲಿಲ್ಲ." ಕನ್ನಡಕ ಹಾಕಿಕೊಂಡು, "ಅದು ಪೂರ್ತಿ ನಿಜ ಅಲ್ಲ. ಬಚ್ಚಿಡೋಕೆ ಒಬ್ಬರು ಕೇಳ್ಕೊಂಡ್ರು," ಎಂದ.

"ಯಾರು?"

ಅವನು ಕಿಟಕಿಯ ಕಡೆ ನೋಡಿದ. ಕೆಳಗೆ ಇನ್ಸ್‌ಪೆಕ್ಟರ್ ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದುದು ಕೇಳಿಸಿತು. "ಕರ್ಕೊಂಡು ಹೋಗಬೇಡಿ, ಇನ್ನೂ ಕಾಯಿರಿ. ಒಂದು ಸಹಿ ಸಿಗೋದಿದೆ."

"ಶನಿವಾರ ನಾನು ಓದಿ ಮುಗಿಸಿದ ಮೇಲೆ ಮೇಷ್ಟ್ರು ಕಾರ್ಡನ್ನ ಬೆರಳಲ್ಲಿ ಸವರಿ ನೋಡಿದ್ರು," ಎಂದ ಉಪ. "ಆಮೇಲೆ, ಹಿಂದೆ ತಿರುಗಿಸು, ಕೊನೇ ಸಹಿ ಯಾರದು ನೋಡು ಅಂದ್ರು. ಹೇಳಿದೆ. 'ಹಾಗಾದ್ರೆ ಅವಳಿಗೆ ಗೊತ್ತಿತ್ತು' ಅಂದ್ರು. ಅಷ್ಟೇ. ಕೋಪ ಇರಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. 'ಸೋಮವಾರ ಮಧ್ಯಾಹ್ನ ಬಾ ಅಂತ ಅವಳಿಗೆ ಹೇಳಿ ಕಳಿಸು, ನಾನೇ ಮಾತಾಡ್ತೀನಿ' ಅಂದ್ರು. ಸೋಮವಾರ ಟೈಪಮ್ಮ ಊಟಕ್ಕೆ ಹೋಗಿದ್ದಾಗ ಕೆಳಗೆ ಬಾಗಿಲು ಸದ್ದಾಯ್ತು. ಅದನ್ನ ಕೇಳಿಯೇ ಅವರು ಮೆಟ್ಟಿಲು ಇಳಿಯೋಕೆ ಹೋದದ್ದು. ಯಾರು ಬಂದಿದ್ರೋ ನಾನು ನೋಡಲಿಲ್ಲ. ನಾನು ಓಡಿ ಬರೋಷ್ಟರಲ್ಲಿ ಕೆಳಗೆ ಮೇಷ್ಟ್ರೊಬ್ಬರೇ ಬಿದ್ದಿದ್ರು."

"ಅವಳು ಅಂದ್ರೆ? ಟೈಪಮ್ಮನಾ?"

"ವೈದ್ಯದ ಪದಗಳನ್ನೆಲ್ಲ ತಿಳಿದವರೊಬ್ಬರು ನೋಡಬೇಕು ಅಂತ ಮೇಷ್ಟ್ರಿಗೆ ಆಸೆ ಇತ್ತು. ಮೂರು ತಿಂಗಳಿಂದ ಪ್ರತಿ ಶನಿವಾರ ಒಬ್ಬರು ಬಂದು ಹೋಗ್ತಿದ್ರು. ಮೊನ್ನೆ ಅವರು ಹೋದ ಮೇಲೇ ಮೇಷ್ಟ್ರು ಕಾರ್ಡು ಕೇಳಿದ್ದು. ಟೈಪಮ್ಮನಿಗೆ ರಜ, ಅವರಿಗೆ ಗೊತ್ತಿಲ್ಲ. ಎ ಅಕ್ಷರದಿಂದ ಶುರು ಮಾಡಿದ್ರು. ತುಂಬಾ ಶಿಸ್ತು. ಮೇಷ್ಟ್ರು ಮಗಳೇ ಅಂತ ಕರೀತಿದ್ರು."

ಮೂರು ತಿಂಗಳು. ಪ್ರತಿ ಶನಿವಾರ.

ಸೆರಗಿನ ತುದಿಯ ಗಂಟಿನಲ್ಲಿ ರವಿಕೆಯ ಗುಂಡಿ ಸಿಸ್ಟರಮ್ಮನ ಬೆರಳಿಗೆ ಗಟ್ಟಿಯಾಗಿ ತಗುಲಿತು.

"ಮಂಗಳವಾರ ಸಂಜೆ ಅವರು ಇಲ್ಲಿಗೆ ಬಂದು ಆ ಕಾರ್ಡು ಕೊಟ್ಟುಬಿಡಿ ಅಂದ್ರು," ಎಂದ ಉಪ. "ಕಾರ್ಡು ಹೊರಗೆ ಹೋಗೋ ಹಾಗಿಲ್ಲ ಅಂದೆ. ಹಾಗಾದ್ರೆ ಪೊಲೀಸರು ಹೋಗೋವರೆಗೂ ಡ್ರಾಯರಿಗೆ ಹಾಕಬೇಡಿ ಅಂತ ಕಾಲು ಹಿಡಿಯೋಕೆ ಬಂದ್ರು. ಹೆಂಗಸರ ಅಳು ನನಗೆ ನೋಡೋಕಾಗಲ್ಲ. ಹೂಂ ಅಂದೆ."

ಅವನು ಮುಂದಿದ್ದ ದಪ್ಪ ಪುಸ್ತಕ ತೆರೆದು, ಹಾಳೆಗಳ ನಡುವಿನಿಂದ ಬಿಳಿ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಮೇಲ್ಮುಖವಾಗಿ. ಆಂಬ್ಲಿಯೋಪಿಯಾ. ಮೊಂಡು. ಕಣ್ಣು.

ಸಿಸ್ಟರಮ್ಮನಿಗೆ ಅದನ್ನು ತಿರುಗಿಸುವುದು ಬೇಡವಾಗಿತ್ತು. ತಿರುಗಿಸಿದರು.

ಹಿಂಭಾಗದಲ್ಲಿ ಮೂರು ಸಹಿ. ಮೊದಲ ಎರಡು ಮಾಸಿ ಕಂದಾಗಿದ್ದವು. ಮೂರನೆಯದು ಹೊಸದು. ದುಂಡನೆಯ, ಪುಟ್ಟ, ತಾವೇ ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ ಅಕ್ಷರ. ಪಕ್ಕದಲ್ಲಿ ತಾರೀಖು, ತಾರೀಖಿನ ಕೆಳಗೆ ಎರಡು ಗೆರೆ.

ಅಳಿಯ ನಿನ್ನೆ ಮಧ್ಯಾಹ್ನ ಊಟದ ಡಬ್ಬಿ ಇಸಿದುಕೊಂಡ ಮೇಲೆ ಯಾಕೆ ಮಾತು ತಿರುಗಿಸಿದ ಎಂಬುದು ಆಗ ಅವರಿಗೆ ತಿಳಿಯಿತು. ಅವನು ತುಂಬಿದ ಸೀಸೆ ಚೀಟಿ ಅಂಟಿಸುವ ಹೆಂಡತಿಯ ಕೈ ದಾಟಿಯೇ ಹೊರಗೆ ಹೋಗುತ್ತಿತ್ತು; ಅಲ್ಲಿ ಅದು ಬದಲಾದದ್ದು ಕೈತಪ್ಪಿಯೋ ಬೇಕೆಂದೋ ಎಂಬುದನ್ನು ಮಾತ್ರ ಕಾರ್ಡು ಹೇಳುತ್ತಿರಲಿಲ್ಲ. ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕಲ್ಲ ಹಾಗೆ ಕೂತ ಆ ಮುಖವೂ ಕಣ್ಣ ಮುಂದೆ ಬಂತು. ಅದು ಗಂಡನಿಗಾಗಿ ಪಟ್ಟ ಸಂಕಟ ಎಂದುಕೊಂಡಿದ್ದರು. ತಾಯಿಯಾಗಿ ಮೂರು ದಿನ ಅದನ್ನೇ ನೋಡುತ್ತಿದ್ದರು, ಏನೂ ಕಂಡಿರಲಿಲ್ಲ.

ಕೆಳಗೆ ಫೋನು ಇಟ್ಟ ಸದ್ದಾಯಿತು. ಕಬ್ಬಿಣದ ಮೆಟ್ಟಿಲ ಮೇಲೆ ಬೂಟಿನ ಹೆಜ್ಜೆ ಶುರುವಾಯಿತು.

"ಸಿಸ್ಟರ್, ಕಾರ್ಡು ಸಿಕ್ತಾ?" ಇನ್ಸ್‌ಪೆಕ್ಟರನ ದನಿ ಸುರುಳಿಯಲ್ಲಿ ಸುತ್ತಿ ಮೇಲೆ ಬಂತು. ಅದರಲ್ಲಿ ಉತ್ಸಾಹವಿತ್ತು. "ನೀವು ಹೇಳಿದ್ದೇ ಸರಿ, ಠಾಣೆಯವರಿಗೆಲ್ಲ ಹೇಳಿದ್ದೀನಿ. ಆ ಕಾರ್ಡಿನ ಹಿಂದೆ ಯಾರ ಸಹಿ ಇದೆಯೋ ಅವರೇ."

ಸಿಸ್ಟರಮ್ಮನ ಕೈ ಕಾರ್ಡಿನ ಮೇಲೆ ಮುಚ್ಚಿಕೊಂಡಿತು. ಇನ್ನೊಂದು ಕೈ ಸೊಂಟದ ಕಡೆ, ಎಸ್ ಕಾರ್ಡು ಸಿಕ್ಕಿಸಿದ್ದ ಜಾಗಕ್ಕೆ, ತಾನಾಗಿಯೇ ಸರಿಯಿತು.

ಉಪ ಅದನ್ನು ನೋಡಿದ. ತಡೆಯಲಿಲ್ಲ. ಹಳದಿ ಚೀಟಿಯ ಕಟ್ಟನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಂಡು, ಪೆನ್ನಿನ ಮುಚ್ಚಳ ಬಿಚ್ಚಿದ.

"ತಗೊಂಡು ಹೋಗೋದಾದ್ರೆ ಹೋಗಿ ಅಮ್ಮಾ," ಎಂದ. "ಆದ್ರೆ ಚೀಟಿ ಇಡಬೇಕು. ಯಾರ ಹೆಸರು ಬರೀಲಿ?"